ರಾಮಗಢವೆಂಬ ಊರು

ರಜೆಯಲ್ಲಿ ಮಕ್ಕಳೊಡನೆ ರಾಮನಗರದ ರಾಮದೇವರ ಬೆಟ್ಟಕ್ಕೆ ಬರುವ ಕುಟುಂಬಗಳು ‘ಶೋಲೆ’ ಚಿತ್ರದ ಹಳ್ಳಿ ಎಲ್ಲಿದೆಯೆಂದು ಕೇಳುವುದುಂಟು. ಆ ಹಳ್ಳಿ ಈಗಿಲ್ಲ. 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರು ಚಿತ್ರೀಕರಣವನ್ನು ಆರಂಭಿಸಿದಾಗ, ಕಲಾನಿರ್ದೇಶಕರಾದ ರಾಮ್ ಯಡೇಕರ್ ಅವರು ಈ ಬಂಡೆಗಳ ನಡುವೆ ರಾಮಗಢವೆಂಬ ಊರನ್ನೇ ನಿರ್ಮಿಸಿದ್ದರು. ಅಲ್ಲಿ ಹುಟ್ಟಿದವರಿಲ್ಲ, ಬಾಳಿದವರಿಲ್ಲ; ಆದರೂ 1975ರಲ್ಲಿ ಚಿತ್ರವು ತೆರೆಕಂಡ ಮೇಲೆ ನಾಡಿನ ಜನ ಅದನ್ನು ತಾವು ಕಂಡ ಊರೆಂಬಂತೆಯೇ ನೆನೆದರು. ಚಿತ್ರೀಕರಣ ಮುಗಿದ ತರುವಾಯ ಅದನ್ನು ಕಳಚಲಾಯಿತು. ಉಳಿದುದು ಬಂಡೆ ಮಾತ್ರ.

ಗಬ್ಬರ್ ಸಿಂಗನ ಅಡಗುದಾಣವನ್ನು ಅರಸಿ ತಲೆಯೆತ್ತುವ ಬಾಲಕನಿಗೆ, ಅದೃಷ್ಟವಿದ್ದರೆ, ಉದ್ದ ಕೊಕ್ಕಿನ ರಣಹದ್ದೊಂದು ಕಾಣಿಸೀತು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧಿಯು, ಸತ್ತ ದನಗಳ ಮಾಂಸದ ಮೂಲಕ ಒಳಸೇರಿ, ಭಾರತದಲ್ಲಿ ಈ ಹಕ್ಕಿಗಳ ಕುಲವನ್ನೇ ಅಳಿವಿನಂಚಿಗೆ ತಂದಿತು. ಇವುಗಳ ರಕ್ಷಣೆಗಾಗಿ 2012ರಲ್ಲಿ ಈ ಬೆಟ್ಟವನ್ನು ರಣಹದ್ದುಗಳ ಧಾಮವೆಂದು ಘೋಷಿಸಲಾಯಿತು. ಇವು ಗೂಡು ಕಟ್ಟುವುದು ಆ ಬಂಡೆಗಳ ಕಡಿದಾದ ಅಂಚುಗಳಲ್ಲಿಯೇ.