ತನಗೆ ತಾನೇ ಕೊಟ್ಟ ಮಾತು: ಹರಕೆಯಂತೆ ಹೊತ್ತು, ಹರಕೆಯಂತೆ ತೀರಿಸುವ ಬಗೆ

ತನಗೆ ತಾನೇ ಕೊಟ್ಟುಕೊಂಡ ಮಾತಿಗೆ ಸಾಕ್ಷಿ ಇರುವುದಿಲ್ಲ. ಅದು ಬೇಗ ಮುರಿಯುವುದೂ ಅದಕ್ಕೇ. ದೇವರಿಗೆ ಹೊತ್ತ ಹರಕೆ ಅಷ್ಟು ಸುಲಭವಾಗಿ ತಪ್ಪುವುದಿಲ್ಲ. ಆಸ್ಪರಿ, ಆದವಾನಿ, ಆಲೂರು ಕಡೆಯ ಕನ್ನಡ ಮನೆಗಳಲ್ಲಿ (1953ರ ಅಕ್ಟೋಬರ್ 1ಕ್ಕೆ ಆಂಧ್ರಕ್ಕೆ ಸೇರುವ ತನಕ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯವೇ) ಉರುಕುಂದಿ ಈರಣ್ಣನಿಗೋ ಮಂತ್ರಾಲಯದ ರಾಯರಿಗೋ ಹರಕೆ ಹೊರುವುದು ಇಂದಿಗೂ ಇದೆ. ಅದು ತೀರುವುದಕ್ಕೆ ಭಕ್ತಿ ಒಂದು ಕಾರಣ, ಅದರ ಕಟ್ಟುಪಾಡು ಇನ್ನೊಂದು: ಏನು, ಎಷ್ಟು, ಯಾವಾಗ ಎಂಬುದು ಮೊದಲೇ ಗೊತ್ತಾಗಿರುತ್ತದೆ. ಸ್ವಂತ ಸಂಕಲ್ಪಕ್ಕೂ ಈ ಕಟ್ಟುಪಾಡು ಸಾಕು.

ಮೊದಲ ಕೆಲಸ, ಆಸೆ ಯಾವುದು, ಮಾತು ಯಾವುದು ಎಂದು ಬೇರ್ಪಡಿಸುವುದು. ಹತ್ತಿ ಹೂ ಬಿಟ್ಟಾಗ ‘ಈ ಸಲ ಸಾಲ ಪೂರ್ತಿ ಚುಕ್ತಾ’ ಅಂದುಕೊಳ್ಳುವುದು ಆಸೆ. ಮಳೆ, ಕಾಯಿಕೊರಕ ಹುಳು, ಆದವಾನಿ ಮಾರ್ಕೆಟ್ ಯಾರ್ಡಿನ ಅಂದಿನ ದರ, ಈ ಮೂರೂ ಬೆಳೆದವನ ಕೈಯಲ್ಲಿಲ್ಲ. ‘ಹತ್ತಿ ಮಾರಿದಾಗಲೆಲ್ಲ ಬಂದ ಸಾವಿರಕ್ಕೆ ನೂರು ತೆಗೆದಿಡುತ್ತೇನೆ’ ಅನ್ನುವುದು ಮಾತು. ಆಸೆಯನ್ನು ಅಳೆಯಲು ಹಳೆಯ ಮಾರಾಟದ ಚೀಟಿಗಳಿಗಿಂತ ಒಳ್ಳೆಯ ಸಾಧನವಿಲ್ಲ. ಮೂರು ವರ್ಷದ್ದನ್ನು ಮುಂದಿಟ್ಟುಕೊಂಡು, ಅತಿ ಕಡಿಮೆ ಬಂದ ವರ್ಷದ ಲೆಕ್ಕವನ್ನೇ ಹಿಡಿಯಬೇಕು. ಹಿಂದಿನ ಅನುಭವ ಕಣ್ಣೆದುರಿಗಿದ್ದರೂ ಮನುಷ್ಯ ಮುಂದಿನದನ್ನು ಸಲೀಸೆಂದೇ ಎಣಿಸುತ್ತಾನೆ ಎಂಬುದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಗುರುತಿಸಿದ್ದರು.

ಆಮೇಲೆ ಮಾತಿಗೆ ಹೊತ್ತು ಗೊತ್ತುಮಾಡಬೇಕು. ರಾಯರ ಭಕ್ತರಿಗೆ ಗುರುವಾರವೇ ನೆನಪು ಮಾಡಿಕೊಡುತ್ತದೆ. ‘ಇನ್ಮೇಲೆ ಗುಟ್ಕಾ ಬಿಡ್ತೀನಿ’ ಎಂಬುದಕ್ಕೆ ಅಂಥ ಗೂಟವಿಲ್ಲ. ‘ಉಂಡು ಕೈತೊಳೆದ ಕೂಡಲೇ ಬಾಯಿಗೆ ಸೋಂಪು’ ಎಂಬುದಕ್ಕೆ ಇದೆ. ‘ಇಂಥದ್ದು ಆದಾಗ ಇಂಥದ್ದು ಮಾಡುವುದು’ ಎಂದು ಕಟ್ಟಿದ ಸಂಕಲ್ಪ ಹೆಚ್ಚು ಈಡೇರುತ್ತದೆಂದು ಜರ್ಮನಿಯ ಪೀಟರ್ ಗೋಲ್ವಿಟ್ಸರ್ 1999ರಲ್ಲಿ ಬರೆದರು. ಗುಳೆ ಹೋಗುವವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಗುಂಟೂರಿನ ಮೆಣಸಿನಕಾಯಿ ಹೊಲದ ಗುಡಿಸಲಿನಲ್ಲಿ ನಡೆಯದ ಮಾತನ್ನು ಊರಲ್ಲಿ ಕೂತು ಕೊಟ್ಟುಕೊಂಡರೆ ಅದು ಬಿತ್ತುವ ಮೊದಲೇ ಒಣಗಿದಂತೆ.

ಮೂರನೆಯದು ಮುಡಿಪು. ಅರಿಶಿನದ ನೀರಲ್ಲಿ ಅದ್ದಿದ ಬಟ್ಟೆಯ ತುಂಡು, ಒಳಗೊಂದು ನಾಣ್ಯ, ಮೇಲೆ ಗಂಟು. ದೇವರ ಗೂಡಿನ ಪಕ್ಕದ ಮೊಳೆಗೆ ತೂಗುಹಾಕಿದರೆ ಹೋಗಿ ಬರುವಾಗಲೆಲ್ಲ ಕಣ್ಣಿಗೆ ಬೀಳುತ್ತದೆ. ಮನೆಯಲ್ಲಿ ಎಷ್ಟೇ ಅಡಚಣೆಯಾದರೂ ಆ ದುಡ್ಡಿಗೆ ಕೈ ಹಾಕುವುದು ಕಡಿಮೆ. ಸ್ವಂತ ಮಾತಿಗೂ ಇಂಥದೊಂದು ಕಾಣುವ ಗುರುತು ಬೇಕು: ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೀಟಾದರೂ ಸರಿ. ಊರಿಗೆಲ್ಲ ಸಾರುವ ಅಗತ್ಯವಿಲ್ಲ. ಮನೆಯ ಒಬ್ಬರಿಗೆ ತಿಳಿದಿದ್ದರೆ ಆಯಿತು.

ಮಾತು ಒಮ್ಮೆ ತಪ್ಪಿಯೇ ತಪ್ಪುತ್ತದೆ. ಹಿರಿಯರು ಅದಕ್ಕೂ ತಪ್ಪುಕಾಣಿಕೆ ಎಂಬ ದಾರಿ ಇಟ್ಟಿದ್ದಾರೆ. ದಂಡ ಚಿಕ್ಕದು, ಹರಕೆ ಮಾತ್ರ ಮುಂದುವರಿಯುತ್ತದೆ. ಲಂಡನ್ನಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಸ ರೂಢಿ ಮೈಗೂಡಲು ಸುಮಾರು 66 ದಿನ ಬೇಕು. ಕೆಲವರಿಗೆ 18 ದಿನ ಸಾಕಾದರೆ ಕೆಲವರಿಗೆ 254 ದಿನದ ಅಂದಾಜು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಕೆಡಲಿಲ್ಲ. ಪದೇ ಪದೇ ತಪ್ಪುತ್ತಿದ್ದರೆ ದೋಷ ಮಾತಿನ ಗಾತ್ರದಲ್ಲಿದೆ. ಅದನ್ನು ಅರ್ಧಕ್ಕೆ ಇಳಿಸಬೇಕು.

ಕೊನೆಗೆ ಗಡುವು. ಜೀವಮಾನದ ಮಾತು ಬೇಡ. ಶ್ರಾವಣದಲ್ಲಿ ಉರುಕುಂದಿಗೆ ಜನ ಹರಿದುಬರುತ್ತಾರೆ. ಮಾತನ್ನೂ ಒಂದು ಶ್ರಾವಣದಿಂದ ಇನ್ನೊಂದಕ್ಕೆ ಇಟ್ಟುಕೊಂಡರೆ ಲೆಕ್ಕ ಸುಲಭ. ಆ ದಿನ ಗಂಟು ಬಿಚ್ಚಿ ಎಣಿಸಿ, ಮುಂದುವರಿಸುವುದಾದರೆ ಮೊತ್ತವನ್ನು ಹೊಸದಾಗಿ ಗೊತ್ತುಮಾಡಿ ಮತ್ತೆ ಕಟ್ಟಬೇಕು.