ಹೊಲದಲ್ಲಿ ಕಣ್ಣಿಗೆ ಪೆಟ್ಟಾದರೆ ಮೊದಲ ಚೀಟಿ ಸರಿಯಾಗಿ ಬರೆಸಿ

ಒಕ್ಕಣೆಯಲ್ಲಿ ಭತ್ತದ ಹೊಟ್ಟು ಸಿಡಿದು, ಕಬ್ಬು ಕಡಿಯುವಾಗ ಗರಿ ಗೀರಿ ಕಣ್ಣು ಕಳೆದುಕೊಂಡ ಕೂಲಿಕಾರರು ವಕೀಲರ ಬಳಿ ಬರುವುದು ಎಲ್ಲ ಮುಗಿದ ಮೇಲೆ. ಅವರ ಕೈಲಿರುವ ಆಸ್ಪತ್ರೆ ಚೀಟಿ ನೋಡಿದರೆ ಹೊಟ್ಟೆ ಉರಿಯುತ್ತದೆ. ‘ಕಣ್ಣು ಕೆಂಪು, ನೋವು’ ಎಂದಷ್ಟೇ ಇರುತ್ತದೆ. ಕೆಲವರದ್ದರಲ್ಲಿ ‘ಮನೆಯಲ್ಲಿ ಬಿದ್ದು ಪೆಟ್ಟು’ ಎಂದಿರುತ್ತದೆ. ಮಾಲೀಕರ ಹೆಸರು ಬರಬಾರದೆಂದು ಜೊತೆಗೆ ಬಂದವರು ಹಾಗೆ ಬರೆಸಿರುತ್ತಾರೆ.

ಇಂಥ ಚೀಟಿಯಿಂದ ವಿಮೆಯ ಹಣವೇ ಕೈತಪ್ಪಬಹುದು. ನಿಮ್ಮ ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುತ್ತಿದೆಯೇ, ಪಾಸ್‌ಬುಕ್ ನೋಡಿ. ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. 18ರಿಂದ 70 ವರ್ಷದವರಿಗೆ ಇದು ಸಿಗುತ್ತದೆ. ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಪೂರ್ತಿ, ಮರಳಿ ಬಾರದಂತೆ ಹೋದರೆ 1 ಲಕ್ಷ, ಎರಡೂ ಹೋದರೆ 2 ಲಕ್ಷ. ಮಬ್ಬಾದರೆ ಸಿಗದು. ಮೇ ಕೊನೆಯಲ್ಲಿ ಖಾತೆಯಲ್ಲಿ ಹಣವಿಲ್ಲದಿದ್ದರೆ ವಿಮೆಯೇ ಇರದು.

ಆದರೆ ಇಂಥ ಪೆಟ್ಟಿಗೆ ವಿಮೆಯವರು ಕೇಳುವುದು ಕೂಡಲೇ ತೋರಿಸಿದ ಆಸ್ಪತ್ರೆಯ ದಾಖಲೆ. ನಮ್ಮವರು ಸೆರಗಿನ ತುದಿಯಲ್ಲಿ ಕಸ ತೆಗೆದು, ಸೊಪ್ಪಿನ ರಸ ಹಿಂಡಿ, ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿಕೊಂಡು ವಾರ ಕಳೆಯುತ್ತಾರೆ. ಗರಿ ಗೀರಿದ ಕಣ್ಣಿಗೆ ಬೂಷ್ಟು ಸೋಂಕು ತಗಲಬಹುದು. ಸ್ಟೀರಾಯ್ಡ್ ಇರುವ ಡ್ರಾಪ್ಸ್ ಅದನ್ನು ಇನ್ನಷ್ಟು ಬೆಳೆಸುತ್ತದೆ. ಕಣ್ಣೂ ಹೋಯಿತು, ಸಾಕ್ಷಿಯೂ ಹೋಯಿತು. ಆದ್ದರಿಂದ ಕಣ್ಣು ಉಜ್ಜದೆ ಅದೇ ದಿನ ಆಸ್ಪತ್ರೆಗೆ ಹೋಗಿ. ಹೊಲಕ್ಕೆ ಹೊಡೆಯುವ ಔಷಧಿ ಕಣ್ಣಿಗೆ ಸಿಡಿದಿದ್ದರೆ ಮೊದಲು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಡಬ್ಬಿಯನ್ನೂ ಒಯ್ಯಿರಿ. ಯಾವ ದಿನ, ಯಾವ ಹೊಲದಲ್ಲಿ, ಯಾವ ಕೆಲಸ ಮಾಡುವಾಗ ಪೆಟ್ಟಾಯಿತೆಂದು ವೈದ್ಯರಿಗೆ ಹೇಳಿ ಬರೆಸಿ. ‘ಅದೆಲ್ಲ ಬೇಕಿಲ್ಲ’ ಎಂದರೆ ಕೈಮುಗಿದಾದರೂ ಬರೆಸಿ. ಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ.

ವಿಮೆಯ ಅರ್ಜಿ ಸಾಧ್ಯವಾದಷ್ಟೂ ಅಪಘಾತವಾದ 30 ದಿನದೊಳಗೆ ಬ್ಯಾಂಕಿಗೆ ಹೋಗಬೇಕು. ಕಣ್ಣು ಉಳಿಯುತ್ತದೋ ಇಲ್ಲವೋ ಗೊತ್ತಾಗುವುದಕ್ಕೇ ತಿಂಗಳುಗಳು ಬೇಕು! ಹಾಗೆಂದು ಕಾಯಬೇಡಿ. ಅಪಘಾತವಾಗಿದೆ, ಚಿಕಿತ್ಸೆ ನಡೆದಿದೆ ಎಂದು ಬರೆದು ಕೊಟ್ಟು ಸ್ವೀಕೃತಿ ಕೇಳಿ. ‘ನಾಳೆ ಬನ್ನಿ’ ಎಂದು ವಾಪಸ್ ಕಳಿಸುವವರಿದ್ದಾರೆ. ಆಗ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ.

ಟ್ರ್ಯಾಕ್ಟರ್, ಎಂಜಿನ್ ಅಥವಾ ಕರೆಂಟಿನ ಯಂತ್ರದಿಂದ ನಡೆಯುವ ಬೇಸಾಯದಲ್ಲಿ ಕೂಲಿ ಮಾಡುವವರು ಕಾರ್ಮಿಕರ ಪರಿಹಾರ ಕಾನೂನಿನಡಿ ಮಾಲೀಕರಿಂದಲೂ ಪರಿಹಾರ ಕೇಳಬಹುದು. ಬರೀ ಕುಡುಗೋಲಿನ ಕೆಲಸಕ್ಕೆ ಆ ಕಾನೂನು ಸಾಮಾನ್ಯವಾಗಿ ಅನ್ವಯಿಸದು, ಇದು ಅನ್ಯಾಯವೇ. ಮಾಲೀಕರು ಚಿಕಿತ್ಸೆಗೆಂದು ಐದೋ ಹತ್ತೋ ಸಾವಿರ ಕೊಟ್ಟು ‘ಇನ್ನೇನೂ ಕೇಳುವುದಿಲ್ಲ’ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರೂ ಹೆದರಬೇಡಿ. ಪರಿಹಾರದ ಹಕ್ಕು ಬಿಟ್ಟುಕೊಡುವ ಕರಾರು ಈ ಕಾನೂನಿನ ಮುಂದೆ ನಿಲ್ಲದು.

ಇನ್ನು ‘ಅಂಗವಿಕಲರ ಪಿಂಚಣಿ ಮಾಡಿಸಿಕೊಡುತ್ತೇನೆ’ ಎನ್ನುವ ಮಧ್ಯವರ್ತಿಗಳು. ಒಂದು ಕಣ್ಣು ಹೋಗಿ ಇನ್ನೊಂದು ಚೆನ್ನಾಗಿದ್ದರೆ ಸರ್ಕಾರದ ಲೆಕ್ಕದಲ್ಲಿ ಅಂಗವೈಕಲ್ಯ ಶೇ. 30. ಪಿಂಚಣಿಗೆ ಶೇ. 40 ಬೇಕು. ಅವರಿಗೆ ಕೊಟ್ಟ ದುಡ್ಡು ನೀರಿಗೆ ಹಾಕಿದಂತೆ.

ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರು ಉಚಿತ. ಬಡವರಿಗೂ ಸಿಗುತ್ತಾರೆ. ಕೋರ್ಟಿನ ಆವರಣದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.