ಲಸಿಕೆಯ ಸೀಸೆಯ ಹಿಂದೆ ನಿಂತವರು

ಮಗು ಹುಟ್ಟಿದ 24 ಗಂಟೆಯೊಳಗೆ ಅದರ ತೊಡೆಗೆ ಒಂದು ಪುಟ್ಟ ಚುಚ್ಚುಮದ್ದು ಬೀಳಬೇಕು. ಪ್ರಮಾಣ ಕೇವಲ ಅರ್ಧ ಮಿಲಿಲೀಟರ್. ಹೆರಿಗೆಯ ಸಂಭ್ರಮದಲ್ಲಿ ಮನೆಯವರಿಗೆ ಅದರ ಹೆಸರೂ ನೆನಪಿನಲ್ಲಿ ಉಳಿಯುವುದಿಲ್ಲ. ಅದು ಹೆಪಟೈಟಿಸ್-ಬಿ ಲಸಿಕೆ. ಇಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಸಿಗುವ ಈ ಲಸಿಕೆ 1990ರ ದಶಕದ ಮಧ್ಯಭಾಗದವರೆಗೂ ನಮ್ಮ ದೇಶದಲ್ಲಿ ಉಳ್ಳವರ ಮನೆಯ ಮಕ್ಕಳಿಗೆ ಮಾತ್ರ ದಕ್ಕುತ್ತಿತ್ತು. ಹೊರದೇಶದಿಂದ ಬರುತ್ತಿದ್ದ ಲಸಿಕೆಗೆ ಒಂದು ಡೋಸಿಗೇ ಹಲವು ನೂರು ರೂಪಾಯಿ. ಮೂರು ಡೋಸು ಹಾಕಿಸುವುದೆಂದರೆ ಸಾಧಾರಣ ಸಂಸಾರಕ್ಕೆ ಒಂದು ತಿಂಗಳ ದಿನಸಿಯ ಖರ್ಚು.

ಈ ಸ್ಥಿತಿ ಬದಲಾದದ್ದರಲ್ಲಿ ಹೈದರಾಬಾದಿನ ಒಂದು ಸಣ್ಣ ಕಂಪನಿಯ ಪಾಲು ದೊಡ್ಡದು. ಲಸಿಕೆ ಕಂಡುಹಿಡಿದವರ ಹೆಸರು ಪಠ್ಯಪುಸ್ತಕದಲ್ಲಿ ಸಿಗುತ್ತದೆ. ಆದರೆ ಅದನ್ನು ತಯಾರಿಸುವ ಕಂಪನಿಯ ಚುಕ್ಕಾಣಿ ಹಿಡಿದವರು ಯಾರು, ಅವರಲ್ಲಿ ಯಾರ ಹೊಣೆ ಏನು ಎಂದು ನಾವು ಕೇಳುವುದು ಕಡಿಮೆ. ಕೇಳಬೇಕು. ಏಕೆಂದರೆ ಔಷಧಿ ಕೊಡುವುದು ರೋಗಿಗೆ. ಲಸಿಕೆ ಹಾಕುವುದು ಆರೋಗ್ಯವಾಗಿರುವ ಮಗುವಿಗೆ. ಅಲ್ಲಿ ಎಡವಟ್ಟಿಗೆ ಎಡೆಯಿರಕೂಡದು.

ರೋಗ ಎಂಥದು?

ಹೆಪಟೈಟಿಸ್-ಬಿ ಎಂಬುದು ಯಕೃತ್ತಿಗೆ, ಅಂದರೆ ಲಿವರಿಗೆ ತಗಲುವ ವೈರಾಣುವಿನ ಸೋಂಕು. ಸೋಂಕು ತಗಲಿದ ಕೆಲವರಲ್ಲಿ ಕಣ್ಣು, ಮೂತ್ರ ಹಳದಿಯಾಗಿ ಕಾಮಾಲೆ ಕಾಣಿಸಿಕೊಳ್ಳುತ್ತದೆ. ಹಲವರಲ್ಲಿ ಯಾವ ಲಕ್ಷಣವೂ ಇರುವುದಿಲ್ಲ. ರಕ್ತದಿಂದ, ಶುದ್ಧಗೊಳಿಸದ ಸೂಜಿಯಿಂದ, ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ವೇಳೆ ತಾಯಿಯಿಂದ ಮಗುವಿಗೆ ಇದು ಹರಡುತ್ತದೆ. ಒಟ್ಟಿಗೆ ಊಟ ಮಾಡುವುದರಿಂದ, ಕೈಕುಲುಕುವುದರಿಂದ ಹರಡುವುದಿಲ್ಲ.

ವಯಸ್ಸಿಗೆ ಬಂದವರಿಗೆ ಸೋಂಕು ತಗಲಿದರೆ ನೂರರಲ್ಲಿ 95ಕ್ಕೂ ಹೆಚ್ಚು ಮಂದಿ ತಾವಾಗಿಯೇ ಅದರಿಂದ ಪಾರಾಗುತ್ತಾರೆ. ಹಸುಗೂಸಿನ ವಿಷಯ ಇದಕ್ಕೆ ತದ್ವಿರುದ್ಧ. ಹುಟ್ಟುವಾಗಲೇ ಸೋಂಕು ಅಂಟಿದ ನೂರು ಶಿಶುಗಳಲ್ಲಿ ಸುಮಾರು 90ರಲ್ಲಿ ಅದು ದೇಹದಲ್ಲೇ ಬೇರೂರುತ್ತದೆ. ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ನಡುವಯಸ್ಸಿನಲ್ಲಿ ಯಕೃತ್ತು ಗಟ್ಟಿಗಟ್ಟುವ ಸಿರೋಸಿಸ್ ಆಗಿಯೋ, ಯಕೃತ್ತಿನ ಕ್ಯಾನ್ಸರ್ ಆಗಿಯೋ ತಲೆಯೆತ್ತಬಹುದು. ಭಾರತದಲ್ಲಿ ಹೀಗೆ ಸೋಂಕು ಹೊತ್ತು ಬದುಕುತ್ತಿರುವವರು ಸುಮಾರು 4 ಕೋಟಿ ಎಂಬುದು ಆರೋಗ್ಯ ಇಲಾಖೆಯ ಅಂದಾಜು. ಮೊದಲ ದಿನದ ಚುಚ್ಚುಮದ್ದಿಗೆ ಅಷ್ಟೊಂದು ಮಹತ್ವ ಬಂದದ್ದು ಈ ಕಾರಣಕ್ಕೆ.

ರಕ್ತದಿಂದ ಯೀಸ್ಟಿಗೆ

ಅಮೆರಿಕದ ಬರೂಕ್ ಬ್ಲಂಬರ್ಗ್ 1960ರ ದಶಕದಲ್ಲಿ ಈ ವೈರಾಣುವಿನ ಹೊರಕವಚದ ಪ್ರೋಟೀನನ್ನು ಗುರುತಿಸಿದರು. 1976ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1981ರಲ್ಲಿ ಅಲ್ಲಿ ಅನುಮತಿ ಪಡೆದ ಮೊದಲ ಲಸಿಕೆಯನ್ನು ಸೋಂಕುಳ್ಳವರ ರಕ್ತದಿಂದಲೇ ಶುದ್ಧೀಕರಿಸಿ ತಯಾರಿಸಲಾಗುತ್ತಿತ್ತು. ರಕ್ತದ ಲಸಿಕೆ ಎಂದರೆ ಜನರಿಗೆ ಅಳುಕು. ಅಷ್ಟು ರಕ್ತ ಒದಗಿಸುವುದೂ ಕಷ್ಟ.

ದಾರಿ ತೋರಿಸಿದ್ದು ಒಂದು ಸಣ್ಣ ಕಂಪನಿ. ವಿಲಿಯಂ ರಟ್ಟರ್, ಎಡ್ವರ್ಡ್ ಪೆನೊಯೆಟ್, ಪಾಬ್ಲೊ ವಲೆನ್‌ಜುಯೆಲಾ ಎಂಬ ಮೂವರು ವಿಜ್ಞಾನಿಗಳು 1981ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭಿಸಿದ ಕೈರಾನ್. ವೈರಾಣುವಿನ ಆ ಒಂದು ಪ್ರೋಟೀನಿನ ಜೀನನ್ನು ಯೀಸ್ಟ್ ಎಂಬ, ಹುದುಗು ಬರಿಸುವ ಸೂಕ್ಷ್ಮಜೀವಿಗೆ ಸೇರಿಸಿ, ಯೀಸ್ಟಿನಿಂದಲೇ ಪ್ರೋಟೀನು ಮಾಡಿಸುವುದು ಅವರ ಕೌಶಲ. ಮೂವರೂ ವಿಜ್ಞಾನಿಗಳೇ ಆದ್ದರಿಂದ ದೊಡ್ಡ ಪ್ರಮಾಣದ ತಯಾರಿಕೆಗೆ ಮರ್ಕ್ ಎಂಬ ಹಳೆಯ ಔಷಧ ಕಂಪನಿಯ ಕೈ ಹಿಡಿದರು. 1986ರಲ್ಲಿ ಆ ಲಸಿಕೆಗೆ ಅನುಮತಿ ದೊರೆಯಿತು. ಅದರಲ್ಲಿ ವೈರಾಣುವೇ ಇಲ್ಲ. ಕವಚದ ಪ್ರೋಟೀನು ಮಾತ್ರ. ಆದ್ದರಿಂದ ಲಸಿಕೆಯಿಂದ ರೋಗ ಬರುವ ಪ್ರಶ್ನೆಯೇ ಇಲ್ಲ.

ವಿಜ್ಞಾನ ಸಿದ್ಧವಾಗಿತ್ತು. ಅದು ನಮ್ಮ ಮಕ್ಕಳನ್ನು ತಲುಪಲು ಮಾತ್ರ ಇನ್ನೂ ಹಲವು ವರ್ಷ ಹಿಡಿಯಿತು.

ಹೈದರಾಬಾದಿನ ಶಾಂತಾ

ಕೆ.ಐ. ವರಪ್ರಸಾದ ರೆಡ್ಡಿ ಆಂಧ್ರದ ನೆಲ್ಲೂರು ಜಿಲ್ಲೆಯವರು. ಓದಿದ್ದು ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್. ಬ್ಯಾಟರಿ ತಯಾರಿಕೆಯ ಉದ್ಯಮದಲ್ಲಿದ್ದವರು. 1990ರ ದಶಕದ ಆರಂಭದಲ್ಲಿ ಜಿನೀವಾದ ಒಂದು ಸಭೆಗೆ ಹೋಗಿದ್ದಾಗ ಹೆಪಟೈಟಿಸ್-ಬಿ ಹರಡಿರುವ ಪರಿ ಅವರ ಗಮನಕ್ಕೆ ಬಂತು. ಲಸಿಕೆಯ ತಂತ್ರಜ್ಞಾನ ಕೊಳ್ಳಲು ಹೊರದೇಶದ ಕಂಪನಿಯನ್ನು ಕೇಳಿದರೆ ಎಟುಕದ ಬೆಲೆ ಹೇಳಿ, ಭಾರತೀಯರಿಗೆ ಇದು ಅರ್ಥವಾಗಲೇ ವರ್ಷಗಳು ಬೇಕೆಂಬ ಅವಹೇಳನದ ಮಾತನ್ನೂ ಆಡಿದರೆಂದು ಅವರೇ ಹೇಳಿಕೊಂಡಿದ್ದಾರೆ. ಕೊಳ್ಳಲಾಗದ್ದನ್ನು ಇಲ್ಲೇ ರೂಪಿಸೋಣ ಎಂದು 1993ರಲ್ಲಿ ತಾಯಿಯ ಹೆಸರಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಆರಂಭಿಸಿದರು. 1997ರ ಆಗಸ್ಟ್‌ನಲ್ಲಿ ಶಾನ್‌ವ್ಯಾಕ್-ಬಿ ಮಾರುಕಟ್ಟೆಗೆ ಬಂತು. ಜೀನು ಜೋಡಣೆಯ ವಿಧಾನದಿಂದ ಭಾರತದಲ್ಲೇ ರೂಪುಗೊಂಡ ಮೊದಲ ಲಸಿಕೆ ಅದು.

ಜೀವವಿಜ್ಞಾನ ಓದದ ಎಂಜಿನಿಯರೊಬ್ಬರಿಗೆ ಇದು ಹೇಗೆ ಸಾಧ್ಯವಾಯಿತು? ಒಬ್ಬರಿಂದ ಆಗಲಿಲ್ಲ ಎಂಬುದೇ ಉತ್ತರ. ಸಣ್ಣ ಲಸಿಕೆ ಕಂಪನಿಯಲ್ಲಿ ಐದು ಹೊಣೆಗಾರಿಕೆಗಳಿವೆ. ಒಬ್ಬೊಬ್ಬರಿಗೆ ಎರಡೆರಡು ಹೊಣೆ ಬಂದರೂ ಬರಬಹುದು. ಆದರೆ ಯಾವುದೂ ಹೊರುವವರಿಲ್ಲದೆ ಉಳಿಯುವಂತಿಲ್ಲ.

ಐದು ಹೊಣೆಗಳು

ಮೊದಲನೆಯದು ಸ್ಥಾಪಕರದು. ಲಸಿಕೆ ಸಿದ್ಧವಾಗುವವರೆಗೆ ಮಾರಲು ಏನೂ ಇರುವುದಿಲ್ಲ. ಸಂಬಳ, ಯಂತ್ರ, ಪರೀಕ್ಷೆಗಳ ಖರ್ಚು ಮಾತ್ರ ನಿಲ್ಲುವುದಿಲ್ಲ. ಶಾಂತಾಗೆ ಇಂಥ ನಾಲ್ಕು ವರ್ಷ ಕಳೆಯಬೇಕಾಯಿತು. ಹೊಸ ವಿದ್ಯೆಗೆ ಸಾಲ ಕೊಡಲು ಬ್ಯಾಂಕುಗಳು ಹಿಂಜರಿದಾಗ ಒಮಾನ್ ದೇಶದ ವಿದೇಶಾಂಗ ಸಚಿವ ಯೂಸುಫ್ ಬಿನ್ ಅಲಾವಿ ಬಂಡವಾಳ ಹಾಕಿದರು. ಕೇಂದ್ರ ಸರ್ಕಾರದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿಯೂ ನೆರವಾಯಿತು. ಅವಸರದ ಲಾಭ ಬಯಸದ ಹಣ ತರುವುದು ಸ್ಥಾಪಕರ ಮೊದಲ ಕೆಲಸ.

ಎರಡನೆಯದು ಸಂಶೋಧನಾ ಮುಖ್ಯಸ್ಥರದು. ಶಾಂತಾದ ವಿಜ್ಞಾನಿಗಳು ಮೊದಲು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ, ಆಮೇಲೆ ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದಲ್ಲಿ ಜಾಗ ಪಡೆದು ಕೆಲಸ ಮಾಡಿದರು. ಅವರು ಆರಿಸಿಕೊಂಡದ್ದು ಪಿಕಿಯಾ ಪಾಸ್ಟೋರಿಸ್ ಎಂಬ ಯೀಸ್ಟನ್ನು. ಮೆಥನಾಲ್ ಉಣಿಸಿದರೆ ಅದು ಬೇಕಾದ ಪ್ರೋಟೀನನ್ನು ಹೇರಳವಾಗಿ ತಯಾರಿಸುತ್ತದೆ. ಸ್ವಂತ ಪ್ರಯೋಗಾಲಯ ಕಟ್ಟುವ ಮುನ್ನವೇ ಕೆಲಸ ಶುರುವಾದದ್ದು ಸರ್ಕಾರಿ ಸಂಸ್ಥೆಗಳು ಬಾಗಿಲು ತೆರೆದದ್ದರಿಂದ ಎಂಬುದನ್ನು ಮರೆಯಬಾರದು.

ಮೂರನೆಯದು ಉತ್ಪಾದನಾ ಮುಖ್ಯಸ್ಥರದು. ಮನೆಯಲ್ಲಿ ನಾಲ್ಕು ಜನಕ್ಕೆ ಸೊಗಸಾಗಿ ಸಾರು ಮಾಡುವವರೆಲ್ಲ ಮದುವೆಮನೆಯ ಕೊಪ್ಪರಿಗೆಯ ಮುಂದೆ ನಿಲ್ಲಲಾರರು. ಪ್ರಯೋಗಾಲಯದ ಗಾಜಿನ ಬುಡ್ಡಿಯಲ್ಲಿ ಬೆಳೆದ ಯೀಸ್ಟು ದೊಡ್ಡ ತೊಟ್ಟಿಯಲ್ಲಿಯೂ ಅದೇ ಬಿಸಿಯಲ್ಲಿ, ಅಷ್ಟೇ ಗಾಳಿಯಲ್ಲಿ ಬೆಳೆಯಬೇಕು. ಆಮೇಲೆ ಕೋಶಗಳನ್ನು ಒಡೆದು, ಬೇಡದ್ದನ್ನೆಲ್ಲ ಸೋಸಿ, ಪ್ರೋಟೀನನ್ನು ಅಲ್ಯುಮಿನಿಯಂ ಲವಣಕ್ಕೆ ಅಂಟಿಸಬೇಕು. ಆ ಲವಣವೇ ದೇಹದ ರಕ್ಷಣಾ ವ್ಯವಸ್ಥೆಯನ್ನು ಚೆನ್ನಾಗಿ ಎಚ್ಚರಿಸುವುದು.

ನಾಲ್ಕನೆಯದು ವೈದ್ಯಕೀಯ ಮುಖ್ಯಸ್ಥರದು. ಲಸಿಕೆಯನ್ನು ಮೊದಲು ಪ್ರಾಣಿಗಳ ಮೇಲೆ, ಬಳಿಕ ಕೆಲವೇ ಮಂದಿ ಆರೋಗ್ಯವಂತ ಸ್ವಯಂಸೇವಕರ ಮೇಲೆ, ಅನಂತರ ಹೆಚ್ಚು ಜನರ ಮೇಲೆ ಹಂತಹಂತವಾಗಿ ಪರೀಕ್ಷಿಸಬೇಕು. ಅಡ್ಡಪರಿಣಾಮ ಕಂಡರೆ ಬರೆದಿಡಬೇಕು, ಮುಚ್ಚಿಡಬಾರದು. ಈ ದಾಖಲೆ ನೋಡಿಯೇ ಔಷಧ ಮಹಾನಿಯಂತ್ರಕರು ಅನುಮತಿ ಕೊಡುವುದು.

ಐದನೆಯದು ಗುಣಮಟ್ಟದ ಮುಖ್ಯಸ್ಥರದು. ಇವರ ಹೆಸರು ಪತ್ರಿಕೆಯಲ್ಲಿ ಬರುವುದೇ ಇಲ್ಲ. ಆದರೆ ನಿಮ್ಮ ಮಗುವಿನ ಮಟ್ಟಿಗೆ ಎಲ್ಲರಿಗಿಂತ ಮುಖ್ಯರಾದವರು ಇವರೇ. ಪ್ರತಿಯೊಂದು ಬ್ಯಾಚಿನ ಶುದ್ಧತೆ, ಶಕ್ತಿ ಪರೀಕ್ಷಿಸಿ, ಸಂದೇಹ ಬಂದರೆ ಇಡೀ ಬ್ಯಾಚನ್ನೇ ತಿರಸ್ಕರಿಸುವ ಅಧಿಕಾರ ಇವರಿಗಿರಬೇಕು. ಆದ್ದರಿಂದಲೇ ಈ ಅಧಿಕಾರಿ ಉತ್ಪಾದನಾ ವಿಭಾಗದ ಕೈಕೆಳಗೆ ಇರಬಾರದೆಂದು ನಮ್ಮ ಔಷಧ ನಿಯಮಗಳು ಹೇಳುತ್ತವೆ. ಜಾತ್ರೆಯಲ್ಲಿ ತೇರನ್ನು ನೂರಾರು ಜನ ಎಳೆಯುತ್ತಾರೆ. ಗಾಲಿಯ ಪಕ್ಕದಲ್ಲಿ ಮರದ ತುಂಡು ಹಿಡಿದು, ಬೇಕಾದಾಗ ತೇರನ್ನು ತಡೆಯುವವರು ಇಬ್ಬರೋ ಮೂವರೋ. ಅವರಿಲ್ಲದೆ ತೇರು ಹೊರಡುವುದಿಲ್ಲ. ಲಸಿಕೆ ಕಂಪನಿಯಲ್ಲಿ ಆ ಜಾಗ ಗುಣಮಟ್ಟದ ಅಧಿಕಾರಿಯದು.

2010ರ ಪಾಠ

ಶಾಂತಾದ ಹೆಪಟೈಟಿಸ್-ಬಿ ಲಸಿಕೆಗೆ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ ದೊರೆಯಿತು. ವಿಶ್ವಸಂಸ್ಥೆಯ ಮಕ್ಕಳ ನಿಧಿಯಂಥ ಸಂಸ್ಥೆಗಳು ಲಸಿಕೆ ಕೊಳ್ಳಬೇಕಾದರೆ ಈ ಮುದ್ರೆ ಬೇಕೇ ಬೇಕು. 2005ರಲ್ಲಿ ವರಪ್ರಸಾದ ರೆಡ್ಡಿಯವರಿಗೆ ಪದ್ಮಭೂಷಣ ಬಂತು. 2009ರಲ್ಲಿ ಫ್ರಾನ್ಸಿನ ದೈತ್ಯ ಕಂಪನಿ ಸನೋಫಿ ಶಾಂತಾವನ್ನು ತನ್ನದಾಗಿಸಿಕೊಂಡಿತು.

ಮರುವರ್ಷವೇ ಪೆಟ್ಟು ಬಿತ್ತು. ಐದು ರೋಗಗಳಿಗೆ ಒಂದೇ ಚುಚ್ಚುಮದ್ದಾದ ಶಾನ್-5 ಲಸಿಕೆಯ ಕೆಲವು ಸೀಸೆಗಳ ಒಳಗೋಡೆಗೆ ಬಿಳಿಯ ಗಷ್ಟು ಅಂಟಿಕೊಂಡಿರುವುದು ಕಂಡುಬಂತು. ಸೀಸೆ ಅಲುಗಾಡಿಸಿದರೂ ಅದು ಸರಿಯಾಗಿ ಬೆರೆಯುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಆ ಲಸಿಕೆಯನ್ನು ಪಟ್ಟಿಯಿಂದ ತೆಗೆದುಹಾಕಿತು. ಮತ್ತೆ ಪೂರ್ವಾರ್ಹತೆ ದೊರೆತದ್ದು 2014ರಲ್ಲಿ.

ಇದರಿಂದ ಎರಡು ಮಾತು ತಿಳಿಯಬೇಕು. ಸ್ಥಾಪಕರ ಛಲ, ಸಂಶೋಧಕರ ಜಾಣ್ಮೆ, ದೊಡ್ಡ ಕಂಪನಿಯ ಹಣ ಎಲ್ಲ ಇದ್ದರೂ ಪ್ರತಿ ಸೀಸೆಯ ಮೇಲೆ ಪ್ರತಿದಿನ ಕಣ್ಣಿಡುವುದಕ್ಕೆ ಬದಲಿ ಇಲ್ಲ. ಎರಡನೆಯದು ಧೈರ್ಯದ ಮಾತು: ಕಂಪನಿಯ ಹೊರಗೆ ಇನ್ನೊಂದು ಕಾವಲಿದೆ, ಅದು ಕೆಲಸ ಮಾಡುತ್ತದೆ. ನಮ್ಮ ದೇಶದಲ್ಲಿಯೂ ಲಸಿಕೆಯ ಬ್ಯಾಚುಗಳನ್ನು ಹಿಮಾಚಲ ಪ್ರದೇಶದ ಕಸೌಲಿಯಲ್ಲಿರುವ ಕೇಂದ್ರೀಯ ಔಷಧ ಪ್ರಯೋಗಾಲಯ ಪರಿಶೀಲಿಸುತ್ತದೆ.

ಬೆಲೆ ಇಳಿದದ್ದು ಹೇಗೆ?

ಶಾಂತಾದ ಹಾದಿಯಲ್ಲಿ ಇತರರೂ ಬಂದರು. ಕೃಷ್ಣ ಎಲ್ಲ ಮತ್ತು ಸುಚಿತ್ರಾ ಎಲ್ಲ ದಂಪತಿ 1996ರಲ್ಲಿ ಹೈದರಾಬಾದಿನಲ್ಲೇ ಭಾರತ್ ಬಯೋಟೆಕ್ ಕಟ್ಟಿದರು. ಅಲ್ಲಿ ಪತಿ ವಿಜ್ಞಾನಿ. ವ್ಯವಹಾರದ ಹೊಣೆ ಹೊತ್ತವರು ಪತ್ನಿ. ಅವರದೂ ಹೆಪಟೈಟಿಸ್-ಬಿ ಲಸಿಕೆ ಬಂತು, ಬೇರೆ ಕಂಪನಿಗಳದೂ ಬಂತು. ಪೈಪೋಟಿಯಿಂದ ನೂರಾರು ರೂಪಾಯಿಯ ಡೋಸು ಹತ್ತಾರು ರೂಪಾಯಿಗೆ ಇಳಿಯಿತು. ಬೆಲೆ ಇಳಿದ ಮೇಲೆಯೇ ಸರ್ಕಾರ ಕೈಹಾಕಲು ಸಾಧ್ಯವಾದದ್ದು. 2002ರ ಹೊತ್ತಿಗೆ ಆಯ್ದ ಕಡೆ ಪ್ರಾಯೋಗಿಕವಾಗಿ ಆರಂಭವಾದ ಈ ಲಸಿಕೆ 2011ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು.

ನೀವು ಮಾಡಬೇಕಾದದ್ದು

• ಗರ್ಭಿಣಿಯರು ಹೆಪಟೈಟಿಸ್-ಬಿ ರಕ್ತಪರೀಕ್ಷೆಯನ್ನು ತಪ್ಪದೆ ಮಾಡಿಸಿಕೊಳ್ಳಿ. ಸೋಂಕು ಇದೆಯೆಂದು ತಿಳಿದರೆ ಹೆದರಬೇಡಿ, ಮುಚ್ಚಿಡಲೂ ಬೇಡಿ. ಹೆರಿಗೆಯಾದ ಕೂಡಲೇ ಮಗುವಿಗೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಇನ್ನೊಂದು ಚುಚ್ಚುಮದ್ದನ್ನೂ ಕೊಡಿಸಬೇಕಾಗುತ್ತದೆ. ಎದೆಹಾಲು ನಿಲ್ಲಿಸುವ ಅಗತ್ಯವಿಲ್ಲ.

• ಮೊದಲ ಡೋಸು 24 ಗಂಟೆಯೊಳಗೆ ಬೀಳಲಿ. ಮನೆಯಲ್ಲಿ ಹೆರಿಗೆಯಾದರೆ ಅಂದೇ ಆಶಾ ಕಾರ್ಯಕರ್ತೆಗೆ ತಿಳಿಸಿ. ಒಳ್ಳೆಯ ದಿನ, ಗಳಿಗೆ ಎಂದು ಕಾಯಬೇಡಿ.

• ಆಮೇಲೆ 6, 10 ಮತ್ತು 14 ವಾರಗಳಲ್ಲಿ ಐದು ರೋಗಗಳ ಸಂಯುಕ್ತ ಲಸಿಕೆಯಲ್ಲಿ ಇದೂ ಸೇರಿರುತ್ತದೆ. ಎಲ್ಲ ಡೋಸುಗಳನ್ನೂ ಮುಗಿಸಿದ ಮಕ್ಕಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿಗೆ ರಕ್ಷಣೆ ದೊರೆಯುತ್ತದೆ.

• ಈ ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಹೆಪ್ಪುಗಟ್ಟಿದರೆ ಕೆಡುತ್ತದೆ. ಖಾಸಗಿಯಾಗಿ ಹಾಕಿಸುವಾಗ ಅಂಗಡಿಯಿಂದ ಕೊಂಡು ಬಿಸಿಲಲ್ಲಿ ಒಯ್ಯುವ ಬದಲು, ತಂಪಿನ ವ್ಯವಸ್ಥೆ ಇರುವ ಆಸ್ಪತ್ರೆಯಲ್ಲೇ ಹಾಕಿಸಿ.

• ಲಸಿಕೆಯ ಹೆಸರು, ಬ್ಯಾಚ್ ಸಂಖ್ಯೆ, ದಿನಾಂಕಗಳನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ತೊಂದರೆ ಕಂಡರೆ ಆ ಸಂಖ್ಯೆ ಸಹಿತ ಆಸ್ಪತ್ರೆಗೆ ತಿಳಿಸಿ.

• ಆಸ್ಪತ್ರೆ, ಪ್ರಯೋಗಾಲಯಗಳಲ್ಲಿ ದುಡಿಯುವವರು ಮತ್ತು ಸೋಂಕುಳ್ಳವರ ಮನೆಮಂದಿ ಈವರೆಗೆ ಹಾಕಿಸಿಕೊಂಡಿರದಿದ್ದರೆ ವೈದ್ಯರ ಸಲಹೆ ಪಡೆದು ಮೂರು ಡೋಸು ಹಾಕಿಸಿಕೊಳ್ಳಿ. ಎರಡನೆಯದು ಒಂದು ತಿಂಗಳಿಗೆ, ಮೂರನೆಯದು ಮೊದಲಿನಿಂದ ಆರು ತಿಂಗಳಿಗೆ.

ಹೊಸ ಲಸಿಕೆ, ಹೊಸ ಕಂಪನಿ ಎಂದು ಸುದ್ದಿ ಬಂದಾಗ ಮುಖ್ಯಸ್ಥರ ಭಾಷಣವನ್ನಷ್ಟೇ ಓದಿ ಮೆಚ್ಚಬೇಡಿ, ದೂರಲೂ ಬೇಡಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಗಿದೆಯೇ, ಅನುಮತಿ ಕೊಟ್ಟವರು ಯಾರು, ಬ್ಯಾಚು ಬೇಡವೆನ್ನುವ ಅಧಿಕಾರ ಅಲ್ಲಿ ಯಾರ ಕೈಯಲ್ಲಿದೆ ಎಂದು ವಿಚಾರಿಸಿ. ಆ ಮೂರಕ್ಕೂ ನೇರವಾದ ಉತ್ತರ ಸಿಕ್ಕ ಲಸಿಕೆಯನ್ನು ನಂಬಬಹುದು.